ಸರ್ವರಿನೊಳಗೆ ಆರು ಸ್ಥಾನ ಖಾಲಿ

ಬಹಳ ಹಿಂದೆ, ಅಂದರೆ ಮೊನ್ನೆ ಮೊನ್ನೆಯವರೆಗೂ ಅನ್ನಿ, ಸರ್ವಸಮ್ಮತಪುರಿ ಎಂಬ ರಾಜ್ಯವೊಂದಿತ್ತು. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದನ್ನು ಭೂಪಟದಲ್ಲಿ ಬರೆಯುವ ಕಡತ ಇನ್ನೂ ಪರಿಶೀಲನೆಯಲ್ಲಿದೆ. ಆ ರಾಜ್ಯವನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ರಾಜಾಧಿರಾಜ ಅನುಮೋದವರ್ಮ. ಸ್ವಭಾವತಃ ಬಲು ಒಳ್ಳೆಯವನು. ಯಾರು ಏನು ಕೇಳಿದರೂ "ಆಗಲಿ" ಎನ್ನುವನು. ಇಬ್ಬರು ಬಂದು ಒಂದೇ ಗದ್ದೆ ತಮಗೆ ಬೇಕೆಂದರೆ ಇಬ್ಬರಿಗೂ "ಆಗಲಿ" ಎಂದು ಊಟಕ್ಕೆ ಎದ್ದುಹೋಗುವನು. ಮಿಕ್ಕಿದ್ದನ್ನು ನೋಡಿಕೊಳ್ಳಲು ಮಹಾಮಂತ್ರಿ ಸಮತೋಲರಾಯರಿದ್ದರು. ರಾಯರಿಗೆ ಬರುತ್ತಿದ್ದ ವಿದ್ಯೆ ಒಂದೇ, ಹಂಚುವುದು. ರಾಜ್ಯದಲ್ಲಿ ಆರು ಸೀಮೆಗಳಿದ್ದವು. ಒಂದು ಲಾಡನ್ನು ಆರೂ ಸೀಮೆಗೆ ಹಂಚಿ, ಯಾರ ಬಾಯಿಗೂ ಸಿಹಿ ತಾಗದಿದ್ದರೂ ಎಲ್ಲರೂ ಕೈ ಮುಗಿದು ಹೋಗುವಂತೆ ಮಾಡುವುದು ಅವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು.

ಅರಮನೆಯ ಈಶಾನ್ಯದ ಕೋಣೆಯಲ್ಲಿ ಒಂದು ಯಂತ್ರವಿತ್ತು. ಆಸ್ಥಾನದ ದಾಖಲೆಗಳಲ್ಲಿ ಅದರ ಹೆಸರು 'ಸಕಲಪ್ರಜಾಪಾಲನ ಮಹಾಗಣಕ'. ಜನ ಅದನ್ನು ಸರ್ವರ್ ಎನ್ನುತ್ತಿದ್ದರು. ಕ್ಯೂನಲ್ಲಿ ನಿಂತು ಮೂರು ಗಂಟೆ ಕಳೆದ ಮೇಲೆ ಬೇರೆ ಹೆಸರುಗಳಿಂದಲೂ ಕರೆಯುತ್ತಿದ್ದರು, ಅವು ಪತ್ರಿಕೆಯಲ್ಲಿ ಅಚ್ಚಾಗುವಂಥವಲ್ಲ. ಹುಟ್ಟಿದ್ದಕ್ಕೆ, ಸತ್ತದ್ದಕ್ಕೆ, ಇವೆರಡರ ನಡುವೆ ಅಕ್ಕಿ ತಿಂದದ್ದಕ್ಕೆ ಎಲ್ಲಕ್ಕೂ ಅದರ ಒಪ್ಪಿಗೆ ಬೇಕಿತ್ತು. ಹೆಬ್ಬೆಟ್ಟು ಒತ್ತಿದರೆ ಅದು ಯೋಚಿಸಿ ಒಪ್ಪುತ್ತಿತ್ತು. ಕಷ್ಟವೇನೆಂದರೆ, ಒಂದೇ ಹೊತ್ತಿಗೆ ನಲವತ್ತು ಜನ ಹೆಬ್ಬೆಟ್ಟು ಒತ್ತಿದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಪರದೆಯ ಮೇಲೆ ಪುಟ್ಟ ಚಕ್ರವೊಂದು ತಿರುಗಲು ಶುರುವಾಗುತ್ತಿತ್ತು, ಮತ್ತೆ ನಿಲ್ಲುತ್ತಿರಲಿಲ್ಲ.

ಈ ಸರ್ವರಿನ ಉಸ್ತುವಾರಿ ದೇವೀರಮ್ಮನದು. ಇಪ್ಪತ್ತಾರು ವರ್ಷದಿಂದ ಆ ಎ.ಸಿ. ಕೋಣೆಯಲ್ಲಿ ಕೂತು ಕೂತು, ಬಿರುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಬೀದಿಯಲ್ಲಿ ಓಡಾಡುವ ಹೆಂಗಸು ಇಡೀ ರಾಜ್ಯಕ್ಕೆ ಅವಳೊಬ್ಬಳೇ. ಅವಳನ್ನು ಓದಿಸಿದವಳು ಅಕ್ಕ ಹೊನ್ನಕ್ಕ. ತಾಯಿ ಸತ್ತ ಮೇಲೆ ಹೊನ್ನಕ್ಕ ಬೀದಿ ದೀಪದ ಬುಡದಲ್ಲಿ ಕೂತು ಮಲ್ಲಿಗೆ ಕಟ್ಟಿ ಮಾರಿ ತಂಗಿಯ ಫೀಸು ತುಂಬಿದ್ದಳು. ಆ ಕಣ್ಣುಗಳಿಗೆ ಈಗ ಪೊರೆ ಬಂದಿತ್ತು, ಎರಡಕ್ಕೂ. ಕಾಫಿ ಬಗ್ಗಿಸಿದರೆ ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ. ಹೂ ಕಟ್ಟುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬೆರಳು ಮುಟ್ಟಿದ ಹೂವನ್ನೇ ಕಟ್ಟುವಳು. ಮಲ್ಲಿಗೆ ಮಾಲೆಯಲ್ಲಿ ಒಮ್ಮೊಮ್ಮೆ ಕೊತ್ತಂಬರಿ ಸೊಪ್ಪೂ ಸೇರಿರುತ್ತಿತ್ತು.

ಹೀಗಿರಲು ನೆರೆಯ ರಾಜ್ಯದಿಂದ ಕಣ್ಣಿನ ವೈದ್ಯರ ತಂಡವೊಂದು ಎಂಟು ದಿನದ ಶಿಬಿರಕ್ಕೆ ಬಂತು. ಪೊರೆ ತೆಗೆದು ಕಳಿಸುತ್ತಾರೆ, ಬಿಡಿಗಾಸಿನ ಖರ್ಚಿಲ್ಲ. ಒಂದೇ ಷರತ್ತು, ಅದೂ ವೈದ್ಯರದಲ್ಲ, ಅರಮನೆಯದು: ರೋಗಿಯ ಹೆಬ್ಬೆಟ್ಟನ್ನು ಸರ್ವರ್ ಒಪ್ಪಿ, 'ಸದರಿಯವರಿಗೆ ಪೊರೆ ಬಂದಿರುವುದು ನಿಜ' ಎಂದು ಪ್ರಮಾಣಪತ್ರ ಕೊಡಬೇಕು. ಮೂರು ಸಾವಿರ ಜನ ಬಂದು ನಿಂತರು. ಮೊದಲ ದಿನ ಹೊರಬಿದ್ದ ಪ್ರಮಾಣಪತ್ರಗಳು ಹನ್ನೊಂದು. ಹೊನ್ನಕ್ಕನ ಸರದಿ ಸಾವಿರದ ಏಳುನೂರ ನಲವತ್ತೆರಡು.

"ನಾನೇನ್ ಪೇಪರ್ ಓದ್ಬೇಕಾ, ಟೀವಿ ನೋಡ್ಬೇಕಾ ಹೇಳವ್ವ," ಎಂದಳು ಹೊನ್ನಕ್ಕ ಅಂದು ಸಂಜೆ. "ನಿನ್ ಮೊಖ ಒಂದ್ ಕಿತ ಸರ್ಯಾಗ್ ನೋಡ್ಬೇಕು ಕಣೇ. ಈಗ ನೀನ್ ಬಂದ್ರೆ ಸ್ವೆಟರ್ ವಾಸ್ನೆ ಮೇಲೆ ಗುರ್ತು ಹಿಡೀತೀನಿ. ಮೊನ್ನೆ ಯಾರೋ ಕಂಬಳಿ ಮಾರೋನು ಬಂದ, ಅವನ್ಗೆ ಊಟಕ್ಕೆ ಇಕ್ಬುಟ್ಟೆ."

"ಅಕ್ಕಾ, ಸರ್ವರ್ ನನ್ ಕೈಯಾಗೇ ಐತೆ," ಎಂದಳು ದೇವೀರಮ್ಮ. "ಎಂಟ್ ದಿನದೊಳಗೆ ನಿನ್ ಸರದಿ ಬಂದೇ ಬತ್ತದೆ. ನನ್ನಾಣೆ."

ಆಣೆ ಇಟ್ಟವಳು ಅದರಂತೆ ನಡೆಯುವ ಪೈಕಿ. ಮರುದಿನ ಬೆಳಿಗ್ಗೆಯೇ ಮಹಾರಾಜನಿಗೆ ನಾಲ್ಕು ಸಾಲಿನ ಅರ್ಜಿ ಬರೆದಳು. 'ಸರ್ವರಿನ ಮೆಮೊರಿ ಸಾಲದಾಗಿದೆ. ಒಳಗೆ ಮೆಮೊರಿ ಪಟ್ಟಿಗಳನ್ನು ಕೂರಿಸಲು ಎಂಟು ಸ್ಲಾಟುಗಳಿವೆ. ಎರಡು ಭರ್ತಿಯಾಗಿವೆ, ಆರು ಖಾಲಿ ಇವೆ. ಅರ್ಧ ಗಂಟೆ ಯಂತ್ರ ನಿಲ್ಲಿಸಿ, ಈಗಿರುವಂಥದ್ದೇ ಇನ್ನಾರು ಪಟ್ಟಿ ಸಿಕ್ಕಿಸಿದರೆ ಎಲ್ಲ ಸರಿಹೋಗುವುದು.' ಪಟ್ಟಿ ಎಂದರೆ ಬೇರೇನಲ್ಲ, ಗೇಣುದ್ದದ, ಹಸಿರು ಬಣ್ಣದ, ತೆಳ್ಳನೆಯ ಒಂದು ತುಂಡು. ಆರು ಪಟ್ಟಿಗಳೂ ಉಗ್ರಾಣದಲ್ಲೇ ಇದ್ದವು. ನಾಲ್ಕು ವರ್ಷದ ಹಿಂದೆ ತರಿಸಿದ್ದು. ಉದ್ಘಾಟನೆಗೆ ಮುಹೂರ್ತ ಸಿಗದೆ ಪೆಟ್ಟಿಗೆಯಲ್ಲೇ ಬಿದ್ದಿದ್ದವು.

ಮಹಾರಾಜ ಓದಿ "ಆಗಲಿ" ಎಂದನು. ದೇವೀರಮ್ಮನಿಗೆ ಹೋದ ಜೀವ ಬಂದಂತಾಯಿತು. ಪಾಪ, ಆ ಅರ್ಜಿಯನ್ನು ಪಕ್ಕದಲ್ಲಿ ನಿಂತು ಸಮತೋಲರಾಯರೂ ಓದಿದ್ದು ಅವಳ ಗಮನಕ್ಕೆ ಬರಲಿಲ್ಲ. ಅವರ ಕಣ್ಣು ಒಂದೇ ಒಂದು ಮಾತಿನ ಮೇಲೆ ಕೂತಿತ್ತು: ಆರು ಖಾಲಿ ಇವೆ.

ಓದುಗ ಮಹಾಶಯರೇ, ಸರ್ವಸಮ್ಮತಪುರಿಯಲ್ಲಿ ಆರು ಸ್ಥಾನ ಖಾಲಿ ಇರುವ ಸುದ್ದಿ ಗುಟ್ಟಾಗಿ ಉಳಿಯುವುದುಂಟೇ? ಮಧ್ಯಾಹ್ನದೊಳಗೆ ಆರೂ ಸೀಮೆಗಳಿಂದ ನಿಯೋಗಗಳು ಹೊರಟವು. ಎಂಥ ಸ್ಥಾನ, ಎಲ್ಲಿಯ ಸ್ಥಾನ, ಅದರಲ್ಲಿ ಕೂತವರು ಮಾಡಬೇಕಾದ ಕೆಲಸವೇನು ಎಂದು ಒಬ್ಬನಾದರೂ ಕೇಳಲಿಲ್ಲ. ಕೆಲಸದ ವಿಷಯ ಕೇಳುವುದು ಆ ರಾಜ್ಯದಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಸಂಜೆಯ ಹೊತ್ತಿಗೆ ಮಂತ್ರಾಲೋಚನಾ ಸಭೆ ಸೇರಿತು, ದೇವೀರಮ್ಮನನ್ನೂ ಕರೆಸಿದರು.

"ಆರೂ ಪಟ್ಟಿ ಒಂದೇ ಥರದವಾಗಿರ್ಬೇಕು ಬುದ್ಧಿ," ಎಂದು ಅವಳು ವಿವರಿಸಿದಳು. "ಒಂದೇ ಅಳತೆ, ಒಂದೇ ವೇಗ. ಈಗ ಒಳಗಿರೋ ಎರಡಕ್ಕೂ ಹೊಂದ್ಬೇಕು. ಉಗ್ರಾಣದಲ್ಲಿರೋವು ಸರಿಯಾಗಿ ಹೊಂದ್ತವೆ."

ತೆಂಕಲ ಸೀಮೆಯ ಮಂತ್ರಿ ಎದ್ದು ನಿಂತ. ಅವನ ಮೀಸೆ ನಡುಗುತ್ತಿತ್ತು. "ಆರೂ ಒಂದೇ ಥರದ್ದಾ? ಅಂದ್ರೆ ಆರೂ ಒಂದೇ ಕಡೆಯವು! ನಮ್ಮ ಸೀಮೆಗೆ ಪ್ರಾತಿನಿಧ್ಯ ಎಲ್ಲಿ ಸ್ವಾಮಿ? ನಾವು ಊರಿಗೆ ಹೋಗಿ ಏನು ಮುಖ ತೋರಿಸೋಣ?"

"ಇದು ಮೂಡಲ ಸೀಮೆಯವರ ಹುನ್ನಾರ," ಎಂದ ಪಡುವಲ ಸೀಮೆಯ ಮಂತ್ರಿ. ಮೂಡಲ ಸೀಮೆಯ ಮಂತ್ರಿಗೆ ವಿಷಯವೇ ಗೊತ್ತಿರಲಿಲ್ಲ. ಆದರೂ ಹುನ್ನಾರ ತನ್ನದೆಂದು ಕೇಳಿ ಒಳಗೊಳಗೇ ಹಿಗ್ಗಿದ.

ಸಮತೋಲರಾಯರು ಕೈಯೆತ್ತಿದರು. "ಮಹಾಜನಗಳೇ, ಸಮಾಧಾನ. ಈ ಸಿಂಹಾಸನ ನಿಂತಿರುವುದೇ ಸಮತೋಲನದ ಮೇಲೆ. ಪ್ರತಿ ಸೀಮೆಯೂ ತನ್ನ ಮಣ್ಣಿನ ಒಂದೊಂದು ಪಟ್ಟಿಯನ್ನು ಕಳಿಸಲಿ. ಒಬ್ಬರಿಗೆ ಒಂದು, ಯಾರಿಗೂ ಎರಡಿಲ್ಲ. ಪ್ರಭುಗಳ ಚಿತ್ತ ಹೇಗೋ?"

"ಆಗಲಿ," ಎಂದನು ಪ್ರಭು.

"ಹೊಂದ್ಲಿಲ್ಲ ಅಂದ್ರೆ ಯಂತ್ರ ಏಳೋದೇ ಇಲ್ಲ ಬುದ್ಧಿ," ಎಂದು ದೇವೀರಮ್ಮ ಗಂಟಲು ಹರಿದುಕೊಂಡಳು.

"ಹೊಂದಾಣಿಕೆಯ ವಿಚಾರ ನನಗೆ ಬಿಡಮ್ಮ," ಎಂದು ರಾಯರು ಮೃದುವಾಗಿ ನಕ್ಕರು. "ಮೂವತ್ತು ವರ್ಷದಿಂದ ಇದೇ ಆರು ಜನರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸುತ್ತಿದ್ದೇನೆ. ಹಸಿರು ತುಂಡುಗಳು ಯಾವ ಲೆಕ್ಕ?"

ಅಲ್ಲಿಗೆ ಮುಗಿಯಿತೇ? ಎಲ್ಲಿ ಮುಗಿಯಬೇಕು! ಸ್ಲಾಟುಗಳಿಗೆ ಒಂದರಿಂದ ಎಂಟರವರೆಗೆ ನಂಬರುಗಳಿದ್ದವು. ಯಂತ್ರದ ಮಿದುಳಿಗೆ ತೀರ ಹತ್ತಿರದ ಸ್ಲಾಟು ಯಾರಿಗೆ ಎಂಬುದರ ಮೇಲೆ ಮರುದಿನವಿಡೀ ಜಗಳ ನಡೆಯಿತು. ದೂರದ ಸ್ಲಾಟನ್ನೇ ಮೊದಲು ತುಂಬಬೇಕು, ಅದೇ ಕ್ರಮ ಎಂದು ದೇವೀರಮ್ಮ ಹೇಳಿದ್ದಕ್ಕೆ ಇಡೀ ಸಭೆ ಅವಳನ್ನು ಮರುಕದಿಂದ ನೋಡಿತು. ಸಿಂಹಾಸನದಿಂದ ದೂರ ಕೂರಲು ಒಪ್ಪುವ ಪ್ರಾಣಿ ಈ ರಾಜ್ಯದಲ್ಲಿ ಹುಟ್ಟಿಯೇ ಇಲ್ಲವೆಂಬುದು ಈ ಹೆಂಗಸಿಗೆ ತಿಳಿಯದೇ? ಕೊನೆಗೆ ಆರೂ ಪಟ್ಟಿಗಳು ಮೂರು ಮೂರು ತಿಂಗಳಿಗೊಮ್ಮೆ ಸ್ಥಾನ ಬದಲಿಸಿಕೊಳ್ಳತಕ್ಕದ್ದೆಂದು ಒಪ್ಪಂದವಾಯಿತು. ಅಷ್ಟರಲ್ಲಿ ಬಡಗಲ ಸೀಮೆಯಲ್ಲಿ ಎರಡು ಬಣವೆಂದೂ, ಕಡಲ ಸೀಮೆಯಲ್ಲಿ ಹೆಂಗಸರಿಗೆ ಅನ್ಯಾಯವಾಗಿದೆಯೆಂದೂ ಸುದ್ದಿ ಬಂತು. ಇನ್ನೆರಡು ಸ್ಥಾನ ಬೇಕಾದವು. ಇರುವುದೇ ಎಂಟು. ಎರಡರಲ್ಲಿ ಹಳೆಯ ಪಟ್ಟಿಗಳು ಕೂತಿವೆ.

ರಾಯರು ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. "ಆ ಇಬ್ಬರೂ ಹಿರಿಯರು ಬಹುಕಾಲ ದುಡಿದಿದ್ದಾರೆ. ಗೌರವಪೂರ್ವಕವಾಗಿ ಕೆಳಗಿಳಿದು ಹೊಸಬರಿಗೆ ದಾರಿ ಮಾಡಿಕೊಡಲಿ. ಅವರನ್ನು ಪ್ರಧಾನ ಸಲಹೆಗಾರರನ್ನಾಗಿ ನೇಮಿಸೋಣ," ಎಂದರು.

ದೇವೀರಮ್ಮ ಎದ್ದು ನಿಂತಳು. "ಅಯ್ಯೋ, ಆ ಎರಡರ ಮೇಲೇ ಬುದ್ಧಿ ಇಷ್ಟು ದಿವ್ಸ ಎಲ್ಲಾ ನಡೀತಿದ್ದದ್ದು! ಅವನ್ನ ತೆಗೆದ್ರೆ ದಿನಕ್ಕೆ ಹನ್ನೊಂದೂ ಇಲ್ಲ."

"ಹಾಗಂತ ಎಲ್ಲ ಹಿರಿಯರೂ ಹೇಳುತ್ತಾರೆ," ಎಂದರು ರಾಯರು.

ನಾಲ್ಕನೆಯ ದಿನ ಪಟ್ಟಿಗಳು ಮೆರವಣಿಗೆಯಲ್ಲಿ ಬಂದವು. ಅಬ್ಬಬ್ಬಾ, ಒಂದೊಂದರ ವೈಭವವೂ ಒಂದೊಂದು ಬಗೆ! ಮೂಡಲ ಸೀಮೆಯವರು ಹಿಟ್ಟಿನ ಗಿರಣಿಯ ಬಿಲ್ಲಿಂಗ್ ಯಂತ್ರದಿಂದ ಕಿತ್ತು ತಂದದ್ದರಲ್ಲಿ ರಾಗಿಹಿಟ್ಟು ಮೆತ್ತಿಕೊಂಡಿತ್ತು. ಪಡುವಲ ಸೀಮೆಯದು ಮಂತ್ರಿಯ ಅಳಿಯ ಗೇಮ್ ಆಡುವ ಕಂಪ್ಯೂಟರಿನದು. ಅದರ ಮೈಮೇಲೆ ಏಳು ಬಣ್ಣದ ದೀಪ. ತೆಂಕಲ ಸೀಮೆಯದು ಉದ್ದ ಹೆಚ್ಚಾಗಿತ್ತೆಂದು ಅಕ್ಕಸಾಲಿಗರು ಅರದಿಂದ ಉಜ್ಜಿ ಸರಿಮಾಡಿದ್ದರು. ಬಡಗಲ ಸೀಮೆಯ ಎರಡು ಬಣದವರು ಒಂದೇ ಪಟ್ಟಿಯನ್ನು ನಡುವೆ ಮುರಿದು ಅರ್ಧರ್ಧ ತಂದಿದ್ದರು. ಕಡಲ ಸೀಮೆಯಿಂದ ಗಂಡಸರದೊಂದು, ಹೆಂಗಸರದೊಂದು ಬೇರೆ ಬೇರೆ ಪಲ್ಲಕ್ಕಿಯಲ್ಲಿ ಬಂದವು. ಗುಡ್ಡದ ಸೀಮೆಯಲ್ಲಿ ಕಂಪ್ಯೂಟರೇ ಇರಲಿಲ್ಲವಾದ್ದರಿಂದ ಅವರು ಬೀಟೆಮರದಲ್ಲಿ ಅಚ್ಚುಕಟ್ಟಾಗಿ ಕೆತ್ತಿಸಿದ ಪಟ್ಟಿಯನ್ನು ಬೆಳ್ಳಿ ತಟ್ಟೆಯಲ್ಲಿ ಇಟ್ಟು ತಂದರು. ನಿಜ ಹೇಳಬೇಕೆಂದರೆ ಎಲ್ಲದರಲ್ಲೂ ಚೆನ್ನಾಗಿದ್ದದ್ದು ಅದೇ.

ಐದನೆಯ ದಿನ ಶುಭಲಗ್ನದಲ್ಲಿ ಪ್ರಮಾಣವಚನ. ಪಟ್ಟಿಗಳಿಗೆ ಬಾಯಿಲ್ಲದ ಕಾರಣ ಅವುಗಳ ಪರವಾಗಿ ರಾಜಪುರೋಹಿತರು 'ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷಗಳಿಲ್ಲದೆ' ಎಂದು ಎಂಟು ಸಲ ಓದಿದರು. ಹಳೆಯ ಎರಡು ಪಟ್ಟಿಗಳನ್ನು ಮಖಮಲ್ಲಿನ ದಿಂಬಿನ ಮೇಲೆ ಮಲಗಿಸಿ ಶಾಲು ಹೊದಿಸಲಾಯಿತು. ಹೊಸ ಎಂಟನ್ನು ಆಯಾ ಸೀಮೆಯ ಮಂತ್ರಿಗಳೇ, ಫೋಟೊಗೆ ಮುಖ ತಿರುಗಿಸಿಕೊಂಡು, ಒಳಕ್ಕೆ ಒತ್ತಿದರು. ಬೀಟೆಮರದ್ದನ್ನು ಸುತ್ತಿಗೆಯಿಂದ ಎರಡು ಏಟು ಹಾಕಬೇಕಾಯಿತು. ಮಹಾರಾಜ ಗುಂಡಿ ಅದುಮಿದನು.

"ಬೀಪ್, ಬೀಪ್, ಬೀಪ್," ಎಂದಿತು ಯಂತ್ರ. ಪರದೆಯ ಮೇಲೆ ಏನೂ ಮೂಡಲಿಲ್ಲ, ಆ ಪುಟ್ಟ ಚಕ್ರವೂ ಕೂಡ.

"ಪ್ರಭೂ, ಕೇಳಿದಿರಾ?" ಎಂದು ಆಸ್ಥಾನಕವಿ ಗದ್ಗದನಾದ. "ಯಂತ್ರವು ತಮಗೆ ಮೂರು ಬಾರಿ ಜಯಘೋಷ ಮಾಡಿತು! ತಮ್ಮ ತಾತನವರ ಕಾಲದಲ್ಲಿ ಆನೆಗಳು ಮಾಡುತ್ತಿದ್ದವಂತೆ. ಯಂತ್ರ ಮಾಡಿದ್ದು ಇದೇ ಮೊದಲು."

"ಅದು ಜಯಘೋಷ ಅಲ್ಲ ಬುದ್ಧಿ," ಎಂದಳು ದೇವೀರಮ್ಮ. ಅವಳಿಗೆ ಸಿಟ್ಟಿನಿಂದ ಸ್ವೆಟರಿನೊಳಗೆ ಬೆವರು ಕಿತ್ತುಕೊಂಡಿತ್ತು. "ಮೆಮೊರಿನೇ ಸಿಕ್ತಿಲ್ಲ ಅಂತ ಬಾಯ್ ಬಡ್ಕೊತಾ ಐತೆ."

ಅವಳ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಆರನೆಯ ದಿನ ಅವಳು ಮಹಾಮಂತ್ರಿಯ ಮನೆಬಾಗಿಲಿಗೇ ಹೋದಳು, ಕಾಲು ಹಿಡಿಯುವುದೊಂದು ಬಾಕಿ. "ಹೊಸ ಪಟ್ಟಿಗಳ್ನ ತೆಗೀರಿ ಬುದ್ಧಿ, ಇಲ್ದಿದ್ರೆ ಎರಡ್ನಾದ್ರೂ ತೆಗ್ದು ಹಳೇವ್ನ ಹಾಕಕ್ಕೆ ಬಿಡಿ" ಎಂದು ಅಂಗಲಾಚಿದಳು.

"ನಿನ್ನೆ ಪ್ರಮಾಣ ಮಾಡಿದವರನ್ನು ಇವತ್ತು ಕೈಬಿಡುವುದೇ?" ಎಂದರು ರಾಯರು, ನಿಜವಾಗಿಯೂ ಬೆಚ್ಚಿಬಿದ್ದು. "ಯಾವ ಇಬ್ಬರನ್ನಮ್ಮ? ಹೆಸರು ಹೇಳು ನೋಡೋಣ. ನೀನು ಹೆಸರು ಹೇಳಿದ ಸೀಮೆ ನಾಳೆ ಬೆಳಿಗ್ಗೆ ಬೇರೆ ರಾಜ್ಯ ಕೇಳುತ್ತದೆ."

"ಯಂತ್ರ ಸತ್ತು ಬಿದ್ದೈತೆ ಸ್ವಾಮಿ. ಮೂರು ಸಾವಿರ ಜನ ಬಿಸಿಲಲ್ಲಿ ನಿಂತವ್ರೆ. ನಮ್ಮಕ್ಕನೂ ನಿಂತವ್ಳೆ."

"ಆದರೆ ಸರ್ಕಾರ ಬದುಕಿದೆಯಲ್ಲಮ್ಮ," ಎಂದು ರಾಯರು ಅವಳಿಗೆ ಮಜ್ಜಿಗೆ ಕೊಡಿಸಿ ಕಳಿಸಿದರು. ಅವರದು ಕೆಟ್ಟ ಮನಸ್ಸಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಜ್ಜಿಗೆಗೆ ಒಗ್ಗರಣೆಯನ್ನೂ ಹಾಕಿಸಿದ್ದರು.

ದೇವೀರಮ್ಮ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅಪ್ಪಣೆ ಮೀರಿದವಳಲ್ಲ. ಏಳನೆಯ ದಿನ ಮೀರಿದಳು. ಮಧ್ಯಾಹ್ನ ಕಾವಲಿನವರು ಊಟ ಮಾಡಿ ತೂಕಡಿಸುವ ಹೊತ್ತಿಗೆ, ಸೆರಗಿನಲ್ಲಿ ಸ್ಕ್ರೂಡ್ರೈವರ್ ಮುಚ್ಚಿಕೊಂಡು ಮೊದಲು ಉಗ್ರಾಣಕ್ಕೆ ಹೋದಳು. ಪೆಟ್ಟಿಗೆ ತೆರೆದರೆ ಖಾಲಿ. ಸ್ಥಾನ ಸಿಗದೆ ಮುನಿಸಿಕೊಂಡಿದ್ದ ಆರು ಜನ ಮುಖಂಡರಿಗೆ, ಆ ಹಸಿರು ಪಟ್ಟಿಗಳಿಗೆ ಗಾಜಿನ ಕಟ್ಟುಹಾಕಿಸಿ, ಹಾರ ಮತ್ತು ಹಣ್ಣಿನ ಬುಟ್ಟಿಯ ಸಮೇತ ನೆನಪಿನ ಕಾಣಿಕೆಯಾಗಿ ಕೊಟ್ಟಾಗಿತ್ತು. ಹಾಳಾಗಲಿ, ಹಳೆಯವೆರಡು ಇವೆಯಲ್ಲ ಎಂದು ಸರ್ವರ್ ಕೋಣೆಗೆ ಓಡಿದಳು. ಮಖಮಲ್ಲಿನ ದಿಂಬಿತ್ತು, ಶಾಲು ಇತ್ತು, ಪಟ್ಟಿಗಳಿರಲಿಲ್ಲ.

"ಸಲಹೆಗಾರರಾ?" ಎಂದ ಕಾವಲಿನವನು ಆಕಳಿಸುತ್ತ. "ಬೆಳಗ್ಗೆನೇ ಹೊಂಟೋದ್ರಲ್ಲಮ್ಮ, ಅಧ್ಯಯನ ಪ್ರವಾಸಕ್ಕೆ. ಮೂರು ದೇಶವಂತೆ. ಜೊತೇಲಿ ಹನ್ನೊಂದು ಜನ ಹೋಗವ್ರೆ, ಅವ್ರನ್ನ ನೋಡ್ಕೊಳಕ್ಕೆ."

ದೇವೀರಮ್ಮ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಗೊಳೋ ಎಂದು ಅತ್ತಳು. ಇಪ್ಪತ್ತಾರು ವರ್ಷ ನೋಡಿಕೊಂಡ ಯಂತ್ರದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅಕ್ಕನ ಮುಂದೆ ಇಟ್ಟ ಆಣೆಗೆ ಇನ್ನು ಒಂದೇ ದಿನ ಉಳಿದಿತ್ತು, ಅಷ್ಟೇ.

ಎಂಟನೆಯ ದಿನ ಹೊನ್ನಕ್ಕನ ಕೈಹಿಡಿದುಕೊಂಡು ನೇರವಾಗಿ ಶಿಬಿರಕ್ಕೇ ಹೋದಳು. ಹಿರಿಯ ವೈದ್ಯೆ ಹೊನ್ನಕ್ಕನ ರೆಪ್ಪೆ ಎತ್ತಿ ನೋಡಿ, "ಪ್ರಮಾಣಪತ್ರ ಯಾಕ್ರೀ ಬೇಕು? ಪೊರೆ ಇಲ್ಲಿಂದಲೇ ಕಾಣಿಸ್ತಿದೆಯಲ್ಲ. ಮಲಗಿಸಿ, ಇಪ್ಪತ್ತು ನಿಮಿಷದ ಕೆಲಸ," ಎಂದರು.

ಬಾಗಿಲಲ್ಲಿ ನಿಂತಿದ್ದ ಅರಮನೆಯ ಅಧಿಕಾರಿ ಒಂದು ಹೆಜ್ಜೆ ಮುಂದೆ ಬಂದ. "ಕ್ಷಮಿಸಬೇಕು. ಸರ್ವರಿನ ಒಪ್ಪಿಗೆಯಿಲ್ಲದೆ ಬಂದ ದೃಷ್ಟಿ ಅನಧಿಕೃತ ದೃಷ್ಟಿಯಾಗುತ್ತದೆ. ಅದನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾಗುತ್ತದೆ." ಮುಟ್ಟುಗೋಲು ಎಂದರೆ ಇಲ್ಲಿ ಏನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಂಜೆ ನಾಲ್ಕಕ್ಕೆ ವೈದ್ಯರು ಡೇರೆ ಕಳಚಿ ಗಾಡಿ ಹತ್ತಿದರು.

ಹಾಗೆಂದು ಮಹಾರಾಜ ಸುಮ್ಮನೆ ಕೂತಿದ್ದನೆಂದು ತಿಳಿಯಬೇಡಿ. ಯೋಜನೆಯ ಫಲಿತಾಂಶ ಏನಾಯಿತೆಂದು ವರದಿ ಕೇಳಿದನು. ಅಂಕಿಅಂಶ ಇಲಾಖೆಯವರು ಹೊಳೆಯುವ ಕಾಗದದಲ್ಲಿ ವರದಿ ತಂದರು. ಮೆಮೊರಿ ವಿಸ್ತರಣೆಯಾದಂದಿನಿಂದ ಸರ್ವರ್ ಹ್ಯಾಂಗ್ ಆದ ಪ್ರಸಂಗಗಳು: ಶೂನ್ಯ. ಸರ್ವರಿನ ಮೂಲಕ ಬಂದ ದೂರುಗಳು: ಶೂನ್ಯ. ಸರ್ವರ್ ಗುರುತಿಸಿದ ಪೊರೆರೋಗಿಗಳು: ಶೂನ್ಯ.

"ಮೂರು ಸಾವಿರವಿತ್ತಲ್ಲವೇ?" ಎಂದು ಕೇಳಿದನು ಮಹಾರಾಜ.

"ಅದು ವಿಸ್ತರಣೆಗೆ ಮುಂಚೆ ಪ್ರಭೂ," ಎಂದರು ಸಮತೋಲರಾಯರು.

ಮಹಾರಾಜನ ಕಣ್ಣಲ್ಲಿ ನೀರಾಡಿತು. ವೈದ್ಯರಿಂದ ಆಗದ್ದನ್ನು ಎಂಟು ಪಟ್ಟಿಗಳು ಮಾಡಿದವಲ್ಲ! ಅಂದೇ ಸರ್ವಸಮ್ಮತಪುರಿಯನ್ನು ಪೊರೆಮುಕ್ತ ರಾಜ್ಯವೆಂದು ಸಾರಲಾಯಿತು. ಸರ್ವರಿನ ತಲೆಯ ಮೇಲೆ ಅಂಗೈಯಗಲದ ಚಿನ್ನದ ಕಿರೀಟ ಏರಿತು. ಪಡುವಲ ಸೀಮೆಯ ಪಟ್ಟಿಯ ಏಳು ಬಣ್ಣದ ದೀಪಗಳನ್ನು ನೋಡಿ, ಯಂತ್ರ ಎಂಥ ಚೈತನ್ಯದಿಂದ ಇದೆಯೆಂದು ರಾಯಭಾರಿಗಳು ಕೊಂಡಾಡಿದರು. ದೇವೀರಮ್ಮನಿಗೆ 'ಗಣಕರತ್ನ' ಬಿರುದು ಕೊಟ್ಟರು. ಅವಳು ಬೇಡವೆಂದು ಹೇಳಲು ಬಾಯಿ ತೆರೆಯುವ ಮೊದಲೇ ಮುಂದಿನವರನ್ನು ಕೂಗಿದರು. ವಿಜಯೋತ್ಸವಕ್ಕೆ ಅರಮನೆಯಿಂದ ಮನೆಗೊಂದು ಸೇರು ಅಕ್ಕಿ ಕೊಡಲಾಗುವುದೆಂದು ಡಂಗುರವಾಯಿತು. ಬೀದಿಯಲ್ಲಿ ಎಡವಿ ಬಿದ್ದವರ ಮೇಲೆ ರಾಜ್ಯಕ್ಕೆ ಕೆಟ್ಟ ಹೆಸರು ತಂದ ಆರೋಪ ಹೊರಿಸಲಾಗುವುದೆಂದು ಅದರ ಜೊತೆಗೇ ಸಾರಿದರು.

ಇಷ್ಟಾದ ಮೇಲೂ ಕೆಲವು ಮುದುಕರು ಗೋಡೆ ತಡವಿಕೊಂಡು ನಡೆಯುತ್ತಿದ್ದದ್ದು ಕಂಡುಬಂದದ್ದರಿಂದ ಇನ್ನೊಂದು ಆಜ್ಞೆ ಹೊರಟಿತು. ಅರವತ್ತು ದಾಟಿದ ಪ್ರತಿಯೊಬ್ಬರೂ 'ಸುದೃಷ್ಟಿ ಘೋಷಣಾಪತ್ರ'ಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತದ ಮನೆಗೆ ಅಕ್ಕಿ ಬಂದ್. ಸರ್ವರ್ ಉನ್ನತ ಮಟ್ಟದ ವಿಶ್ರಾಂತಿಯಲ್ಲಿದ್ದ ಕಾರಣ ಪತ್ರಗಳನ್ನು ಕಾಗದದಲ್ಲೇ ಅಚ್ಚು ಹಾಕಿಸಿ, ಮನೆ ಮನೆಗೆ ಹೋಗಿ ಒತ್ತಿಸಿಕೊಂಡು ಬರುವ ಕೆಲಸವನ್ನು, ಎಲ್ಲ ರಾಜ್ಯಗಳಲ್ಲೂ ನಡೆಯುವ ಪದ್ಧತಿಯಂತೆ, ಬೇರೆ ಕೆಲಸದಲ್ಲಿರುವ ನೌಕರರಿಗೇ ವಹಿಸಿದರು. ದೇವೀರಮ್ಮನಿಗೆ ಅವಳದೇ ಬೀದಿ ಬಂತು.

ಬೀದಿಯೆಲ್ಲ ಮುಗಿಸಿ ಕೊನೆಗೆ ಮನೆಗೆ ಬಂದಳು. ಹೊನ್ನಕ್ಕ ಜಗುಲಿಯಲ್ಲಿ ಕೂತಿದ್ದವಳು ಕಾಗದದ ಸದ್ದಿಗೆ ತಲೆಯೆತ್ತಿದಳು.

"ಏನೇ ಅದು? ಸರದಿ ಬಂತಾ ನಂದು?"

ದೇವೀರಮ್ಮ ಅಕ್ಕನ ಪಕ್ಕ ಕೂತು ಶಾಯಿ ಪ್ಯಾಡ್ ಬಿಚ್ಚಿದಳು. "ಸರ್ಕಾರದ್ ಕಾಗ್ದ ಅಕ್ಕಾ. ಹೆಬ್ಬೆಟ್ ಒತ್ಬೇಕು. ಇಲ್ದಿದ್ರೆ ಅಕ್ಕಿ ಕೊಡಲ್ವಂತೆ."

"ಏನಂತ ಬರ್ದವ್ರೆ, ಓದು."

"'ನನ್ನ ಎರಡೂ ಕಣ್ಣುಗಳು ಚೆನ್ನಾಗಿ ಕಾಣುತ್ತವೆ. ಈ ಮೇಲಿನದೆಲ್ಲವನ್ನೂ ನಾನೇ ಓದಿ ನೋಡಿ ಒಪ್ಪಿರುತ್ತೇನೆ,'" ಎಂದು ದೇವೀರಮ್ಮ ಓದಿದಳು. ಓದಿ ಮುಗಿಸುವಷ್ಟರಲ್ಲಿ ಅವಳ ಕಣ್ಣಿಗೂ ಅಕ್ಷರಗಳು ಕಲಸಿಹೋಗಿದ್ದವು.

ಹೊನ್ನಕ್ಕ ಬಲಗೈ ಹೆಬ್ಬೆರಳನ್ನು ಗಾಳಿಯಲ್ಲಿ ಚಾಚಿದಳು, ಕಾಗದ ಇದ್ದ ಕಡೆಗಲ್ಲ, ಅದರ ಆಚೆ ಬದಿಗೆ.

"ಆಯ್ತು ಒತ್ತುವಾ ಬಿಡು, ಅದಕ್ಕ್ಯಾಕ್ ಅಳ್ತೀಯಾ," ಎಂದಳು. "ಎಲ್ಲಿ ಒತ್ಬೇಕು ಅಂತ ವಸಿ ಬೆರಳು ಹಿಡ್ಕೊಂಡು ತೋರ್ಸು."